ಹಗ್ಗದ ಕೊನೆಗೆ ನಿಂತವನು

ತಾಯಪ್ಪನನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಅವನ ಬಗ್ಗೆ ಒಂದೆರಡು ಒಳ್ಳೆಯ ಮಾತು ಬಂದಾವು, ಅದನ್ನು ಓದಿ ಈ ಧರ್ಮರಾಜನಿಗೆ ಆ ಮನುಷ್ಯನ ಮೇಲೆ ಏನೋ ಅಭಿಮಾನ ಇದೆ ಎಂದು ಯಾರೂ ತಿಳಿಯಬಾರದು. ಅಭಿಮಾನವೂ ಇಲ್ಲ, ಮಣ್ಣೂ ಇಲ್ಲ. ಪುಣೆ ಹತ್ತಿರದ ಭೋಸರಿಯ ನಮ್ಮ ಎರಕದ ಕಾರ್ಖಾನೆಯಲ್ಲಿ ಅವನಿಗೆ ಮುಖ ಕೊಟ್ಟು ಮಾತಾಡುವವರೇ ಕಡಿಮೆ.

ವಯಸ್ಸು ಐವತ್ತರ ಹತ್ತಿರ. ಕುಳ್ಳ. ಕುತ್ತಿಗೆ ಎಲ್ಲಿ ಮುಗಿದು ಹೆಗಲು ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟ. ಊರು ಶಹಾಪುರದ ಕಡೆ. ಸಣ್ಣವನಿದ್ದಾಗ ಅಪ್ಪ ಅವ್ವನ ಹಿಂದೆ ಇಂದಾಪುರದ ಹೊಲಗಳಿಗೆ ಕಬ್ಬು ಕಡಿಯಲು ಬಂದವನು, ಊರಿಗೆ ತಿರುಗಿ ಹೋಗಲಿಲ್ಲ. ಪುಣೆಗೆ ಬಂದು ಗಾರೆ ಕೆಲಸ ಮಾಡಿದ, ಲಾರಿಗೆ ಮೂಟೆ ಹೇರಿದ, ಕೊನೆಗೆ ಈ ಕಾರ್ಖಾನೆಯ ಕ್ರೇನಿನ ಕೆಳಗೆ ಬಂದು ನಿಂತ. ಎರಕ ಹೊಯ್ದ ಕಬ್ಬಿಣದ ತುಂಡುಗಳಿಗೆ ಸ್ಲಿಂಗ್ ಕಟ್ಟುವುದು ಅವನ ಕೆಲಸ. ಸ್ಲಿಂಗ್ ಎಂದರೆ ಭಾರ ಎತ್ತುವ ತಂತಿಹಗ್ಗ. ಹತ್ತೊಂಬತ್ತು ವರ್ಷದಿಂದ ಕಟ್ಟುತ್ತಿದ್ದಾನೆ. ಅವನು ಕಟ್ಟಿದ್ದು ಒಮ್ಮೆಯೂ ಜಾರಿಲ್ಲ. ಬೈಗುಳವಿಲ್ಲದೆ ಒಮ್ಮೆಯೂ ಕಟ್ಟಿಲ್ಲ. "ಕೈ ತಗೀಲೇ, ಕೈ ಏನು ನಿಮ್ಮಪ್ಪ ಮತ್ತೊಂದು ಮಾಡಿಸಿ ಕೊಡ್ತಾನೇನು?" ಎನ್ನುವುದು ಅವನ ಮುಂಜಾನೆಯ ನಮಸ್ಕಾರ.

ನಮ್ಮ ಕಾರ್ಖಾನೆಯ ಗೇಟಿನ ಒಳಗೆ ಎರಡೇ ಜಾತಿ. ಪರ್ಮನೆಂಟ್, ಕಾಂಟ್ರಾಕ್ಟ್. ಪರ್ಮನೆಂಟ್ ಜನ ಹೆಚ್ಚಾಗಿ ಇಲ್ಲಿಯವರು, ಮರಾಠಿಗರು. ಕಾಂಟ್ರಾಕ್ಟಿನಲ್ಲಿ ನಾವು ಯಾದಗಿರಿ, ಕಲಬುರಗಿ ಕಡೆಯ ನಲವತ್ತು ಜನ. ಕೆಲಸ ಒಂದೇ, ಬಿಸಿ ಒಂದೇ, ಧೂಳು ಒಂದೇ. ಊಟದ ಗಂಟೆ ಹೊಡೆದರೆ ಅವರು ಕ್ಯಾಂಟೀನಿಗೆ ಹೋಗುತ್ತಾರೆ. ಅಲ್ಲಿ ಫ್ಯಾನ್ ಇದೆ, ತಣ್ಣನೆಯ ನೀರಿದೆ, ಬೆಂಚುಗಳಿವೆ. ನಾವು ಮನೆಯ ಡಬ್ಬಿ ಹಿಡಿದು ಮರಳಿನ ಗುಡ್ಡೆಯ ಹಿಂದೆ, ತಗಡಿನ ನೆರಳು ಎಷ್ಟು ಬಿದ್ದಿದೆಯೋ ಅಷ್ಟರಲ್ಲಿ ಕೂರುತ್ತೇವೆ. ಗಾಳಿ ಬೀಸಿದರೆ ರೊಟ್ಟಿಯ ಜೊತೆ ಮರಳನ್ನೂ ತಿನ್ನುತ್ತೇವೆ. ಒಳಗೆ ಬರಬೇಡಿ ಎಂದು ಎಲ್ಲಿಯೂ ಬರೆದಿಲ್ಲ. ಒಮ್ಮೆ ನಮ್ಮ ಬಾಬು ತಣ್ಣೀರಿಗೆಂದು ಒಳಗೆ ಹೋದಾಗ ಇಡೀ ಕ್ಯಾಂಟೀನು ಊಟ ನಿಲ್ಲಿಸಿ ಅವನನ್ನೇ ನೋಡಿತಂತೆ. ಖಾಲಿ ಬಾಟಲಿ ಹಿಡಿದು ವಾಪಸು ಬಂದ.

ಮಾರ್ಚಿನಲ್ಲಿ ಕಾರ್ಖಾನೆಗಳು ಸುರಕ್ಷಾ ಸಪ್ತಾಹ ಮಾಡುತ್ತವೆ. ಭಾಷಣ, ಪ್ರತಿಜ್ಞೆ, ಕೊನೆಯ ದಿನ ಹಗ್ಗ ಎಳೆಯುವ ಪಂದ್ಯ. ಹೋದ ವರ್ಷ ಮೊದಲ ಸಲ ಪರ್ಮನೆಂಟ್ ವಿರುದ್ಧ ಕಾಂಟ್ರಾಕ್ಟ್ ಎಂದು ಗೊತ್ತುಮಾಡಿದರು. ಯೂನಿಯನ್ನಿನ ಸದಾನಂದ, ಆರಡಿ ಆಳು, ಮ್ಯಾನೇಜರನ ಎದುರಿಗೇ ನಮ್ಮನ್ನು ನೋಡಿ ನಕ್ಕು, "ಜಿಂಕಲಾತ ತರ ಆತ ಬಸಾ," ಎಂದ. ಗೆದ್ದರೆ ಒಳಗೆ ಕೂರಿ ಎಂದು. ತಮಾಷೆಗೆ ಹೇಳಿದನೋ, ಕುಹಕಕ್ಕೆ ಹೇಳಿದನೋ. ಮ್ಯಾನೇಜರ್ ಕೂಡ ತಲೆಯಾಡಿಸಿಬಿಟ್ಟ. ಅಲ್ಲಿಗೆ ಅದು ಪಂದ್ಯವಾಗಿ ಉಳಿಯಲಿಲ್ಲ.

ಹಗ್ಗದ ಕೊನೆಗೆ ನಿಲ್ಲುವವನೇ ತಂಡದ ಗೂಟ. ಹಗ್ಗವನ್ನು ಬೆನ್ನಿಗೆ ಹಾಕಿ ಕಂಕುಳಲ್ಲಿ ಹಿಡಿದು, ಮಣ್ಣಿಗೆ ಹಿಮ್ಮಡಿ ಊರಿ ನಿಲ್ಲಬೇಕು. ಎಳೆತಕ್ಕೆ ಕೂಗು ಹಾಕುವವನೂ ಅವನೇ. ಒಂದು ಕೂಗಿಗೆ ತಂಡದ ಎಂಟೂ ಜನ ಒಂದೇ ಸಲ ಎಳೆಯುವುದಕ್ಕೆ ನಮ್ಮವರು ದಮ್ಮು ಎನ್ನುತ್ತಾರೆ. ತಾಯಪ್ಪನನ್ನು ಬಿಟ್ಟರೆ ಅಲ್ಲಿ ನಿಲ್ಲುವ ಆಳು ನಮ್ಮಲ್ಲಿರಲಿಲ್ಲ. ಇಷ್ಟವಿಲ್ಲದಿದ್ದರೂ ಅವನ ಕೈಗೆ ತಂಡ ಕೊಟ್ಟೆವು. ಹತ್ತು ದಿನ ನಮ್ಮನ್ನು ಎತ್ತುಗಳಂತೆ ದುಡಿಸಿದ. ಅವನ ಒಂದೇ ಜಪ: "ಕೈಗೆ ಸುತ್ತಬ್ಯಾಡ್ರಲೇ! ಹಗ್ಗ ಜಾರಿದ್ರ ಜಾರ್ಲಿ, ಕೈಗೆ ಸುತ್ತಬ್ಯಾಡ್ರಿ!"

ಅವನು ಹಾಗೆ ಬಾಯಿ ಬಡಿದುಕೊಳ್ಳಲು ಕಾರಣವಿತ್ತು. ನಮ್ಮಲ್ಲಿ ಹೆಚ್ಚಿನವರು ಕಟ್ಟಡ ಕೆಲಸದಿಂದ ಬಂದವರು. ನಾನೇ ಧನಕವಡಿಯ ಕಟ್ಟಡಗಳಲ್ಲಿ ಆರು ವರ್ಷ ರಾಟೆಯ ಹಗ್ಗ ಹಿಡಿದು ಸಿಮೆಂಟಿನ ಬಕೆಟ್ಟು ಎಳೆದವನು. ಅಲ್ಲಿ ಅಂಗೈಗೆ ಹಗ್ಗವನ್ನು ಒಂದು ಸುತ್ತು ಸುತ್ತಿಕೊಳ್ಳುತ್ತೇವೆ. ಇಲ್ಲದಿದ್ದರೆ ಬೆವರಿಗೆ ಜಾರಿ ಬಕೆಟ್ಟು ಕೆಳಗಿದ್ದವನ ತಲೆಯ ಮೇಲೆ ಬೀಳುತ್ತದೆ. ಸುತ್ತುವುದು ನಮ್ಮ ಕೈಗೆ ಉಸಿರಾಡಿದಷ್ಟು ಸಲೀಸು. ಆದರೆ ಬಕೆಟ್ಟು ಹದಿನೈದು ಕಿಲೋ. ಎದುರು ಎಂಟು ಜನ ಎಳೆಯುವಾಗ ಅದೇ ಸುತ್ತು ಬೆರಳು ಕೀಳುತ್ತದೆ. ಪಂದ್ಯದ ನಿಯಮದಲ್ಲೂ ಅದು ತಪ್ಪು. ಸುರಕ್ಷತೆಯ ಅಧಿಕಾರಿ ಮಿಥುನ, ತುಮಕೂರಿನ ಹುಡುಗ, ಪಂದ್ಯಕ್ಕೆ ಮೊದಲು ನಮಗೂ ಬಂದು ಹೇಳಿದ್ದ: "ಅಣ್ಣ, ರೋಪ್‌ನ ಕೈಗೆ ಸುತ್ಕೊಂಡ್ರೆ ಫೌಲ್. ಟೀಮ್ ಔಟ್ ಆಗೋಗುತ್ತೆ. ಪ್ಲೀಸ್ ನೋಡ್ಕೊಳ್ಳಿ."

ಮೂರು ಎಳೆತಗಳಲ್ಲಿ ಎರಡು ಗೆದ್ದವರದು ಪಂದ್ಯ. ಮೊದಲನೆಯದು ನಮ್ಮದಾಯಿತು. ಎರಡನೆಯದು ಅವರದು. ಮೂರನೆಯದರಲ್ಲಿ ನಡುವೆ ಕಟ್ಟಿದ ಕೆಂಪು ಬಟ್ಟೆ ಇಂಚಿಂಚಾಗಿ ನಮ್ಮ ಕಡೆ ಬಂತು. ಸುಣ್ಣದ ಗೆರೆಗೆ ಒಂದು ಗೇಣು ಉಳಿದಿತ್ತು. ನಾನು ಏಳನೆಯವನು, ನನ್ನ ಬೆನ್ನ ಹಿಂದೆ ತಾಯಪ್ಪ. ನನ್ನ ಕೈ ಬೆವರಿ ಹಗ್ಗ ಜಾರತೊಡಗಿತು. ಸುತ್ತಿಬಿಟ್ಟೆ. ಗೊತ್ತಿಲ್ಲದೆ ಸುತ್ತಿದೆ ಎಂದು ಹೇಳಿದರೆ ಸುಳ್ಳು. ಗೊತ್ತಿದ್ದೇ ಸುತ್ತಿದೆ. ಒಂದು ಗೇಣು ತಾನೆ, ಆಮೇಲೆ ಬಿಡಿಸಿಕೊಂಡರಾಯಿತು ಎಂದುಕೊಂಡೆ.

ಅಷ್ಟರಲ್ಲಿ ಎದುರಿನವರು ಜಗ್ಗಿದರು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ನೇರಳೆ ಬಣ್ಣಕ್ಕೆ ತಿರುಗಿದ್ದು ನನ್ನ ಕಣ್ಣಿಗೇ ಕಂಡಿತು. ಬಿಡಿಸಲು ಹೋದರೆ ಬರಲಿಲ್ಲ. ನನ್ನ ಮುಂದಿದ್ದ ಆರು ಜನ ಎದುರಿನವರನ್ನು ನೋಡುತ್ತಿದ್ದರು. ಮಿಥುನನ ಕಣ್ಣು ಕೆಂಪು ಬಟ್ಟೆಯ ಮೇಲಿತ್ತು. ನನ್ನ ಕೈ ಕಾಣುತ್ತಿದ್ದದ್ದು ಹಿಂದೆ ನಿಂತವನಿಗೆ ಮಾತ್ರ. ತಾಯಪ್ಪನ ಕೂಗು ನಿಂತಿತು. ಹಗ್ಗವನ್ನು ಒಮ್ಮೆಲೇ ಬಿಟ್ಟಿದ್ದರೆ ನನ್ನ ಬೆರಳು ಹಗ್ಗದ ಜೊತೆಗೇ ಹೋಗುತ್ತಿದ್ದವು. ಅವನು ಬಿಡಲಿಲ್ಲ, ಹಿಡಿದುಕೊಂಡೇ ಎರಡು ಹೆಜ್ಜೆ ಮುಂದೆ ಬಂದ. ನನ್ನ ಹಿಂದಿನ ಹಗ್ಗ ಸಡಿಲಾಯಿತು. ಹೆಗಲ ಮೇಲಿಂದ ಅವನ ಕೈ ಬಂದು, ಬಳೆ ಕಳಚಿದ ಹಾಗೆ ನನ್ನ ಬೆರಳಿನಿಂದ ಆ ಸುತ್ತನ್ನು ಕಳಚಿತು. ಗೂಟವೇ ಕಿತ್ತು ಬಂದ ಮೇಲೆ ಉಳಿದದ್ದೇನು? ಎಂಟೂ ಜನ ಮುಗ್ಗರಿಸಿ ಅವರ ಕಡೆ ಹೋಗಿ ಬಿದ್ದೆವು. ಸದಾನಂದನ ಜನ ಕುಣಿದರು.

ನಮ್ಮವರಿಗೆ ಕಂಡದ್ದು ಇಷ್ಟೇ: ಗೆರೆಗೆ ಒಂದು ಗೇಣು ಇದ್ದಾಗ ತಾಯಪ್ಪ ಮುಂದೆ ನಡೆದು ಬಂದ.

ಮರುದಿನ ಮರಳಿನ ಗುಡ್ಡೆಯ ಹಿಂದೆ ಕೂತಾಗ ಬಾಬು ಕೇಳಿದ. ಬಾಬು ನಮ್ಮ ತಂಡದ ಮೂರನೆಯವನು, ಇಪ್ಪತ್ತಾರರ ಬಿಸಿರಕ್ತ.

"ಧರ್ಮಣ್ಣ, ನೀ ಅವನ ಮುಂದ ಇದ್ದಿ. ಅಂವ ಯಾಕ ಬಿಟ್ಟ?"

ನನ್ನ ಕೈ ಬಾತು ಬೂದುಗುಂಬಳವಾಗಿತ್ತು. ಕೈ ಮೇಲೆ ಸುತ್ತಿಗೆ ಬಿತ್ತು ಎಂದು ಹೆಂಡತಿ ಸುಮಂಗಲಾಗೆ ಹೇಳಿದ್ದೆ, ಇವರಿಗೂ ಅದನ್ನೇ ಹೇಳಿದ್ದೆ. ನಾನು ಸುತ್ತಿದ್ದೆ ಎಂದು ಬಾಯಿ ಬಿಟ್ಟರೆ ನಲವತ್ತು ಜನರ ಕಣ್ಣು ನನ್ನ ಮೇಲೆ ತಿರುಗುತ್ತಿತ್ತು.

"ಯಾರಿಗೆ ಗೊತ್ತಪ," ಎಂದೆ. "ನಿನ್ನಿ ಮುಂಜಾನಿ ಸದಾನಂದನ ಸಂಗಾಟ ಮಾತಾಡಕೋತ ನಿಂತಿದ್ದ."

ಅವನು ಮಾತಾಡಿದ್ದು ನಿಜ. ಹಗ್ಗ ಹಳೆಯದಾಗಿದೆ, ಬದಲಾಯಿಸಿ ಎಂದು ಕೇಳುತ್ತಿದ್ದ. ಪಕ್ಕದಲ್ಲೇ ನಿಂತು ನಾನು ಕೇಳಿಸಿಕೊಂಡಿದ್ದೆ. ಅದನ್ನು ಹೇಳಲಿಲ್ಲ. ಸಂಜೆಯ ಹೊತ್ತಿಗೆ ತಾಯಪ್ಪ ಪರ್ಮನೆಂಟ್ ಆಗುವ ಆಸೆಗೆ ನಮ್ಮನ್ನು ಮಾರಿದ ಎಂಬ ಮಾತು ಶೆಡ್ಡಿನ ತುಂಬ ಹಬ್ಬಿತ್ತು. ಹಾಲಿಗೆ ಹುಳಿ ಹಿಂಡಿದವನು ನಾನು.

ಮೂರನೆಯ ದಿನ ತಾಯಪ್ಪನ ಕಿವಿಗೂ ಬಿತ್ತು. ಊಟಕ್ಕೆ ಕೂತಲ್ಲಿಗೆ ಬಂದು ನಿಂತ. ಯಾರೂ ಸರಿದು ಜಾಗ ಕೊಡಲಿಲ್ಲ. ಬಾಬು ಅವನ ಕಾಲ ಬಳಿ ಉಗಿದ. ಈಗ ಹೇಳಿಬಿಡುತ್ತಾನೆ ಎಂದುಕೊಂಡೆ. ಅವನು ನನ್ನ ಮುಖ ನೋಡಲಿಲ್ಲ, ಬಾತ ಕೈ ನೋಡಿದ. "ಆತು," ಎಂದ. ಡಬ್ಬಿ ಎತ್ತಿಕೊಂಡು ಹೋಗಿ ಕ್ರೇನಿನ ಕೆಳಗಿನ ಉದ್ದನೆಯ ದಿಮ್ಮಿಯ ಮೇಲೆ ಒಬ್ಬನೇ ಕೂತು ಉಂಡ. ಅವತ್ತು ನನಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೇಳಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಹೇಳದೆ ನನ್ನ ಮೇಲೆ ಕಲ್ಲು ಹೇರಿ ಹೋದ.

ಒಂದು ವರ್ಷ ಅವನನ್ನು ಹುರಿದು ಮುಕ್ಕಿದೆವು. ಸ್ಲಿಂಗ್ ಕಟ್ಟುವುದಕ್ಕೆ ಇಬ್ಬರು ಬೇಕು, ಆ ತುದಿಗೊಬ್ಬ, ಈ ತುದಿಗೊಬ್ಬ. ಅವನ ಎದುರು ತುದಿ ಹಿಡಿಯಲು ನಮ್ಮವರು ಒಲ್ಲೆ ಎಂದರು. ಅವನೇ ಈ ಕಡೆ ಕಟ್ಟಿ, ಸುತ್ತಿ ಬಳಸಿ ಆ ಕಡೆಗೆ ಹೋಗಿ ಕಟ್ಟುತ್ತಿದ್ದ. ನಾವೆಲ್ಲ ಇರುವ ಸಾಲುಮನೆಗಳ ಚಾಳಿನ ನಲ್ಲಿಯಲ್ಲಿ ಅವನ ಹೆಂಡತಿ ಮರೆಮ್ಮ ಕೊಡ ಇಟ್ಟರೆ ಹೆಂಗಸರು ಅದನ್ನು ಸರದಿಯಿಂದ ಹೊರಗೆ ಸರಿಸುತ್ತಿದ್ದರು. ಸರಿಸಿದವರಲ್ಲಿ ಸುಮಂಗಲಾಳೂ ಒಬ್ಬಳು. "ಅಂಥಾ ಮಂದಿ ಕೂಡ ಮಾತಾಡಿದ್ರ ನಾಲಿಗಿ ಹೊಲಸಾಗತದ," ಎಂದು ಮನೆಗೆ ಬಂದು ಹೇಳಿದಳು. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. ತಾಯಪ್ಪನೇನು ಕುಗ್ಗಲಿಲ್ಲ. ಬೈಗುಳ ಮಾತ್ರ ನಿಲ್ಲಿಸಿದ. ಯಾರಾದರೂ ಭಾರದ ಕೆಳಗೆ ಕೈ ಇಟ್ಟರೆ ಕ್ರೇನನ್ನು ನಿಲ್ಲಿಸಿ, ಅವರು ಕೈ ತೆಗೆಯುವವರೆಗೆ ಸುಮ್ಮನೆ ನಿಂತಿರುತ್ತಿದ್ದ. ಅವನ ಬೈಗುಳವೇ ವಾಸಿ ಇತ್ತು.

ಈ ವರ್ಷ ಮತ್ತೆ ಮಾರ್ಚ್ ಬಂತು. ಸದಾನಂದ ಹಲ್ಲು ಕಿರಿದು ಹೋದ ವರ್ಷದ ಮಾತನ್ನೇ ಹೇಳಿದ. ಕೊನೆಗೆ ಯಾರು ನಿಲ್ಲಬೇಕು ಎಂದಾಗ ಎಲ್ಲರೂ ನನ್ನನ್ನು ತೋರಿಸಿದರು. ನಾನು ಒಪ್ಪಿಕೊಂಡೆ. ಹೆಮ್ಮೆಯಾಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ. ಬಾಬುವನ್ನು ಏಳನೆಯ ಜಾಗಕ್ಕೆ, ನನ್ನ ಮುಂದೆ ಹಾಕಿಕೊಂಡೆ.

ಹತ್ತು ದಿನದ ತಾಲೀಮಿನಲ್ಲಿ ಎಲ್ಲವನ್ನೂ ಹೇಳಿಕೊಟ್ಟೆ. ಹಿಮ್ಮಡಿ ಹೇಗೆ ಊರಬೇಕು, ಬೆನ್ನು ಹೇಗೆ ಹಿಂದಕ್ಕೆ ಒಗೆಯಬೇಕು, ಉಸಿರು ಎಲ್ಲಿ ಬಿಡಬೇಕು. ಕೈಗೆ ಸುತ್ತಬೇಡಿ ಎಂದು ಮಾತ್ರ ಹೇಳಲಿಲ್ಲ. ಆ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಅದು ತಾಯಪ್ಪನ ಮಾತು. ಅದನ್ನು ಆಡಿದರೆ ಯಾರಾದರೂ ನನ್ನ ಕೈ ನೋಡಿಯಾರು, ಹೋದ ವರ್ಷದ ಬಾವು ನೆನಪಾದೀತು ಎಂದು ಹೆದರಿದೆ. ಮಿಥುನ ಮೈಕಿನಲ್ಲಿ ಹಿಂದಿಯಲ್ಲಿ ನಿಯಮ ಓದಿದ. ಡೋಲಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಮತ್ತೆ ಒಂದೊಂದು ಎಳೆತ ಗೆದ್ದು ಸಮಸಮ. ಮೂರನೆಯದು. ಬಿಸಿಲಿಗೆ ನೆಲ ಕಾದಿತ್ತು. ಕೆಂಪು ಬಟ್ಟೆ ಅತ್ತ ಹೋಯಿತು, ಇತ್ತ ಬಂತು. ನಾನು ಕೂಗು ಹಾಕುತ್ತಿದ್ದೆ. ತಲೆ ತಗ್ಗಿಸಿದಾಗ ಬಾಬುವಿನ ಬಲಗೈ ಕಂಡಿತು. ಹಗ್ಗ ಅಂಗೈಯನ್ನು ಒಂದು ಸುತ್ತು ಬಳಸಿತ್ತು. ಕಿರುಬೆರಳು, ಉಂಗುರಬೆರಳು ಅದರ ಕೆಳಗೆ ಸಿಕ್ಕಿದ್ದವು.

ಏನು ಮಾಡಬೇಕು ಎಂದು ಪ್ರಪಂಚದಲ್ಲಿ ನನ್ನಷ್ಟು ಚೆನ್ನಾಗಿ ಗೊತ್ತಿದ್ದವನು ಇನ್ನೊಬ್ಬನೇ ಇದ್ದ. ಎರಡು ಹೆಜ್ಜೆ ಮುಂದೆ ಹೋಗಬೇಕಿತ್ತು, ಅಷ್ಟೇ. ಗೆರೆಗೆ ಅಂಗೈ ಅಗಲ ಉಳಿದಿತ್ತು. ಇನ್ನೊಂದು ವರ್ಷ ಮರಳು ತಿನ್ನುವುದು ಕಣ್ಣ ಮುಂದೆ ಬಂತು. ತಾಯಪ್ಪನ ಕಾಲ ಬಳಿ ಬಿದ್ದ ಉಗುಳೂ ಕಂಡಿತು. ನಾಳೆ ಅದು ನನ್ನ ಕಾಲ ಬಳಿ ಬೀಳುತ್ತದೆ. ನಾನು ಕೂಗಿದೆ. ಇನ್ನೊಮ್ಮೆ ಕೂಗಿದೆ. ಮತ್ತೊಮ್ಮೆ ಕೂಗಿದಾಗ ಕೆಂಪು ಬಟ್ಟೆ ಗೆರೆ ದಾಟಿತು, ಎದುರಿನವರು ದಬದಬನೆ ಬಿದ್ದರು, ನಮ್ಮವರ ಕೇಕೆಯಲ್ಲಿ ಬಾಬುವಿನ ಚೀರಾಟ ಯಾರಿಗೂ ಬೇರೆಯಾಗಿ ಕೇಳಿಸಲಿಲ್ಲ.

ಮೊದಲು ಓಡಿ ಬಂದವನು ತಾಯಪ್ಪ. ಪಂದ್ಯ ನೋಡಲು ಬಂದಿರಲಿಲ್ಲ, ಕ್ರೇನಿನ ಕೆಳಗೆ ಕೆಲಸದಲ್ಲಿದ್ದ. ಅಲ್ಲಿಂದಲೇ ಹೇಗೆ ತಿಳಿಯಿತೋ. ತಲೆಯ ರುಮಾಲು ಬಿಚ್ಚಿ ಬಾಬುವಿನ ಕೈಗೆ ಬಿಗಿದು, ತನ್ನ ಕಾಲ ಬಳಿ ಉಗಿದಿದ್ದ ಅವನನ್ನು ಹೆಗಲ ಮೇಲೆ ಹಾಕಿಕೊಂಡು ಗಾಡಿಯ ಕಡೆ ಓಡಿದ. ನಾನು ಹಿಂದೆ ಓಡಿದೆ.

ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೇ ಕೂತಿದ್ದೆವು. ಎರಡು ಬೆರಳು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಹೋಗಿದ್ದರು. ಒಂದು ವರ್ಷದಲ್ಲಿ ತಾಯಪ್ಪ ನನ್ನೊಡನೆ ಆಡಿದ ಮೊದಲ ಮಾತು ಅದು.

"ನೋಡಿದ್ದೇನು?"

ನಾನು ಗೋಡೆ ನೋಡಿದೆ.

"ಹಿಂದ ನಿಂತಂವಗ ಕಾಣತದ. ನನ್ನ ಮುಂದ ಸುಳ್ಳ ಹೇಳಬ್ಯಾಡ."

"ನೋಡಿದ್ದೆ."

"ನೋಡಿದ ಮ್ಯಾಲ ಎಷ್ಟು ದಮ್ಮು ಕೂಗಿದಿ?"

"ಮೂರು."

ಅವನು ಬಾಬುವಿನ ರಕ್ತ ಹತ್ತಿದ ಅಂಗೈಯನ್ನು ಒರೆಸಿಕೊಂಡ. ಆಮೇಲೆ ಹೇಳಿದ: "ಹೋದ ವರ್ಷ ನಾ ಒಂದು ಕೂಗಿದ್ದೆ. ನಿನ್ನ ಕೈ ಕಂಡ ಮ್ಯಾಲೂ ಒಂದು ಕೂಗೀನಿ. ಗೆಲ್ಲೂದು ನನಗೂ ಭಾಳ ಬೇಕಾಗಿತ್ತು. ಎರಡನೇದು ಬಾಯಿತನಕ ಬಂದಿತ್ತು. ಕೂಗಲಿಲ್ಲ."

"ಹೋದ ವರ್ಷ ಮಂದಿ ಮುಂದ ಯಾಕ ಹೇಳಲಿಲ್ಲ ನೀ?" ನನಗೆ ರೇಗಿಹೋಯಿತು. "ಹೇಳಿದ್ರ ಇವತ್ತು ಅವನೂ ಸುತ್ತತಿರಲಿಲ್ಲ!"

"ಕೈ ನಿಂದು, ಬಾಯಿ ನಿಂದು," ಎಂದ ತಾಯಪ್ಪ. "ನಾ ಯಾಕ ಹೇಳ್ಲಿ? ಇಷ್ಟು ದಿನ ನೀ ಹೇಳತಿ ಅಂತ ಕಾದೆ. ನಿನ್ನ ಕೈ ಉಳಿಸಿದ್ದಕ್ಕ ಈಗ ನನಗ ನಾಚಿಕಿ ಬರತದ."

ಹಾಗೆಂದು ಎದ್ದು ಬಾಬು ಇದ್ದ ಕೋಣೆಯ ಬಾಗಿಲಿಗೆ ಹೋಗಿ ನಿಂತ. ನನ್ನ ಪಕ್ಕ ಮತ್ತೆ ಕೂರಲಿಲ್ಲ.

ಸೋಮವಾರದಿಂದ ನಾವು ಕ್ಯಾಂಟೀನಿನೊಳಗೆ ಹೋದೆವು. ಸುತ್ತಿದ್ದನ್ನು ಮಿಥುನ ಬರೆದುಕೊಂಡಿದ್ದ, ಪಂದ್ಯ ರದ್ದು ಮಾಡುವುದಕ್ಕೂ ಹೊರಟಿದ್ದ. ಸದಾನಂದನೇ ಬೇಡ ಎಂದನಂತೆ. ಬೆರಳು ಕಳೆದುಕೊಂಡವನ ಬಾಯಿಂದ ತುತ್ತು ಕಸಿಯುವಷ್ಟು ಹೊಲಸು ನಾನಲ್ಲ ಎಂದನಂತೆ. ಆದರೆ ನನ್ನ ತಟ್ಟೆಯನ್ನು ನೋಡಿದಾಗ ಅವನ ಮುಖದಲ್ಲಿ ನಗು ಇರಲಿಲ್ಲ. "ಆತಾ ಖೂಶ್?" ಎಂದು ಕೇಳಿ ಮುಂದೆ ಹೋದ. ಈಗ ಸಂತೋಷವೇ ಎಂದು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ತಾಯಪ್ಪ ಒಳಗೆ ಬರಲಿಲ್ಲ, ಯಾರೂ ಕರೆಯಲೂ ಇಲ್ಲ.

ಮೂರು ವಾರದ ನಂತರ ಬಾಬು ಬಂದ. ಕೈಗೆ ಇನ್ನೂ ಪಟ್ಟಿ ಇತ್ತು. ನಮ್ಮವರೆಲ್ಲ ಎದ್ದು ನಿಂತರು. ನನ್ನ ಎದುರಿನ ಬೆಂಚಿನಲ್ಲೇ ಅವನನ್ನು ಕೂರಿಸಿದರು. ಎಡಗೈಯಲ್ಲಿ ಚಮಚ ಹಿಡಿಯಲು ಒದ್ದಾಡುತ್ತ, ಎಲ್ಲರಿಗೂ ಕೇಳುವಂತೆ ಹೇಳಿದ:

"ಎರಡು ಬೆರಳು ಹೋದ್ರ ಹೋಗ್ಲಿ ಬಿಡ್ರಿ. ನಮ್ಮ ಧರ್ಮಣ್ಣ ಆ ತಾಯಪ್ಪನಂಗ ಹಗ್ಗ ಬಿಡಲಿಲ್ಲ. ಅಷ್ಟು ಸಾಕು ನನಗ."

ಎಲ್ಲರೂ ನನ್ನ ಬೆನ್ನು ತಟ್ಟಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಎದ್ದು ನಿಂತು ಹೇಳಿದೆ. ಹೋದ ವರ್ಷ ಹಗ್ಗ ಸುತ್ತಿಕೊಂಡವನು ನಾನು ಎಂದೆ. ತಾಯಪ್ಪ ಮುಂದೆ ಬಂದದ್ದು ನನ್ನ ಬೆರಳಿಗಾಗಿ ಎಂದೆ. ಸದಾನಂದನ ಸುದ್ದಿ ನಾನು ಹುಟ್ಟಿಸಿದ್ದು ಎಂದೆ. ಕೊನೆಗೆ, "ಬಾಬು, ನಿನ್ನ ಕೈ ನನಗ ಕಂಡಿತ್ತು. ಕಂಡ ಮ್ಯಾಲೂ ಮೂರು ದಮ್ಮು ಕೂಗೀನಿ," ಎಂದೆ.

ಬಾಬು ಚಮಚ ಕೆಳಗಿಟ್ಟ. ಪಟ್ಟಿ ಕಟ್ಟಿದ ಕೈಯನ್ನು ಮೇಜಿನ ಮೇಲಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ, ನನ್ನ ಕಣ್ಣಿಗೆ ಅದು ಬೀಳಬಾರದು ಎಂಬಂತೆ.

"ಹೊರಗ ಹೋಗು," ಎಂದ. ಅಣ್ಣ ಎನ್ನಲಿಲ್ಲ.

ತಟ್ಟೆ ಎತ್ತಿಕೊಂಡು ಹೊರಗೆ ಬಂದೆ. ಬಿಸಿಲು ಕಣ್ಣಿಗೆ ಚುಚ್ಚಿತು. ಕ್ಯಾಂಟೀನಿನ ಕಿಟಕಿಯ ಎದುರಿಗೇ, ಕ್ರೇನಿನ ಕೆಳಗೆ ದಿಮ್ಮಿಯ ಮೇಲೆ ತಾಯಪ್ಪ ಒಬ್ಬನೇ ಕೂತು ಉಣ್ಣುತ್ತಿದ್ದ. ಹತ್ತು ಜನ ಕೂರುವಷ್ಟು ಉದ್ದದ ದಿಮ್ಮಿ. ನಾನು ತಟ್ಟೆ ಹಿಡಿದು ಅವನ ಕಡೆ ನಡೆದೆ.

"ಹೇಳಿದೆ," ಎಂದೆ.

"ಕೇಳಿಸ್ತು," ಎಂದ.

ತನ್ನ ಡಬ್ಬಿಯ ಮುಚ್ಚಳ ತೆಗೆದು ಪಕ್ಕದ ಜಾಗದಲ್ಲಿ ಇಟ್ಟ. ನೀರಿನ ಬಾಟಲಿಯನ್ನು ಅದರಾಚೆ ಇಟ್ಟ. ಹೆಗಲ ಮೇಲಿನ ರುಮಾಲು ತೆಗೆದು ಅದನ್ನೂ ಅದರಾಚೆಗೆ ಹರಡಿದ, ಇಲ್ಲಿ ನನಗೆ ಜಾಗವಿಲ್ಲ ಎಂಬಂತೆ. ಆಮೇಲೆ ನನ್ನ ಕಡೆ ನೋಡದೆ ರೊಟ್ಟಿ ಮುರಿದ.

ನಾನು ಬಿಸಿಲಿನಲ್ಲಿ ನಿಂತುಕೊಂಡೇ ಉಂಡೆ.